ಭರವಸೆ ಕೊಡದ ಭಾವ

ನಮ್ಮ ಭಾವ ಐವತ್ತೆರಡನೆಯ ವಯಸ್ಸಿನಲ್ಲಿ ಕಾಲೇಜಿಗೆ ಸೇರಿದರು. ಆ ವಯಸ್ಸಿನ ಗಂಡಸರು ಸಾಮಾನ್ಯವಾಗಿ ಸಂಗೀತ ಕಲಿಯಲು ಹೋಗುತ್ತಾರೆ, ಇಲ್ಲವೇ ಪಕ್ಕದ ಮನೆಯವರ ಮೇಲೆ ಅರ್ಜಿ ಬರೆಯುತ್ತಾ ಕಾಲ ಕಳೆಯುತ್ತಾರೆ. ಭಾವ ಆರಿಸಿಕೊಂಡದ್ದು ಮಾನವೀಯ ನೆರವಿನ ಪದವಿ. ಮೂರು ವರ್ಷದ ಬಿ.ಎ. ನೆರೆ, ಬೆಂಕಿ, ಭೂಕಂಪ ಎಲ್ಲಿ ಬಂದರೂ ಅಲ್ಲಿಗೆ ಹೋಗಿ, ಜನರಿಗೆ ನೀರು, ನೆರಳು, ಮದ್ದು ತಲುಪುವ ಹಾಗೆ ಮಾಡುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ.

ಈ ಸುದ್ದಿ ಕೇಳಿ ನಮ್ಮಮ್ಮ, ಅಂದರೆ ಭಾವನ ಅತ್ತೆ, ಬಾಯಿ ತೆರೆದವಳು ಮುಚ್ಚಲಿಲ್ಲ.

"ಕಷ್ಟದಲ್ಲಿರೋರಿಗೆ ಒಂದು ಲೋಟ ನೀರು ಕೊಡೋಕೆ ಮೂರು ವರ್ಷ ಓದ್ಬೇಕಾ ಅಳಿಯಂದ್ರೇ?"

"ಒಂದು ಲೋಟ ಕೊಡೋಕೆ ಬೇಡ ಅತ್ತೆ. ಐದು ಸಾವಿರ ಲೋಟ ಕೊಡೋಕೆ ಬೇಕು."

"ಅಷ್ಟು ಲೋಟ ಯಾರು ತೊಳೀತಾರೆ?"

"ಅದು ಎರಡನೇ ಸೆಮಿಸ್ಟರ್‌ನಲ್ಲಿ ಬರತ್ತೆ" ಎಂದರು ಭಾವ.

ಭಾವ ಅದಕ್ಕೆ ಮೊದಲು ಇಪ್ಪತ್ತೇಳು ವರ್ಷ ಹಾಸಿಗೆ ಕಾರ್ಖಾನೆಯ ಗೋಡೌನಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಒಂದು ಮಳೆಗಾಲದಲ್ಲಿ ಹೊಳೆಯ ಕೆಳಗಿನ ಊರುಗಳು ಮುಳುಗಿದಾಗ ಕಾರ್ಖಾನೆಯವರು ನಾನೂರು ಹತ್ತಿ ಹಾಸಿಗೆ ಕಳಿಸಿದರು. ಲಾರಿಗೆ ಏರಿಸಿ, ಜೊತೆಗೆ ಹೋಗಿ, ಇಳಿಸಿ, ರಾತ್ರಿ ಅಲ್ಲೇ ತಂಗಿದವರು ಭಾವನೇ. ಹತ್ತಿ ಹಾಸಿಗೆ ನೀರು ಕುಡಿದರೆ ಏನಾಗುತ್ತದೆಂದು ಗೊತ್ತಿದ್ದೂ ಯಾರೂ ಯೋಚಿಸಿರಲಿಲ್ಲ. ಮಾರನೆಯ ದಿನ ಒಂದೊಂದು ಹಾಸಿಗೆ ಒಂದೊಂದು ಎಮ್ಮೆಯಷ್ಟು ತೂಕವಾಗಿ, ಜನ ಆಶ್ರಯ ಪಡೆದಿದ್ದ ಶಾಲೆಯ ಬಾಗಿಲಿಗೇ ಅಡ್ಡ ಬಿದ್ದುಕೊಂಡಿತ್ತಂತೆ. ಒಳಗಿದ್ದ ಜನ ಹೊರಗೆ ಬರಲು ಹಾಸಿಗೆಯ ಮೇಲೆ ಹತ್ತಿ ಇಳಿಯಬೇಕಾಯಿತಂತೆ. "ನಮಗೆ ಬೇಕಾಗಿದ್ದು ಪ್ಲಾಸ್ಟಿಕ್ ಶೀಟು ಸ್ವಾಮಿ, ನೀವು ಬರೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?" ಎಂದು ಅಲ್ಲಿಯ ಮುದುಕನೊಬ್ಬ ಕೇಳಿದ. ಆ ಪ್ರಶ್ನೆ ಭಾವನಿಗೆ ಎಲ್ಲಿ ನಾಟಿತೋ ನಾಟಿತು. ಕಾರ್ಖಾನೆ ಬಿಟ್ಟ ತಿಂಗಳೇ ಕಾಲೇಜಿನ ಫಾರಂ ತಂದರು. ಫೀಸು ಕಟ್ಟಲು ಸಾಲಿನಲ್ಲಿ ನಿಂತವಳು ನಮ್ಮಕ್ಕ.

ಇನ್ನು ನಾನು. ನಾನು ಭಾವನ ಹೆಂಡತಿಯ ತಮ್ಮ. ಅವರಿರುವ ನಾಲ್ಕು ಮಹಡಿಯ ಕಟ್ಟಡದಲ್ಲೇ ಕೆಳಗೆ ನನ್ನ ಜೆರಾಕ್ಸ್ ಅಂಗಡಿಯಿದೆ. ಈ ಕಥೆಯಲ್ಲಿ ನನ್ನ ಪಾತ್ರ ಬಹಳ ಸಣ್ಣದು ಎಂದು ನಾನು ಇಂದಿಗೂ ವಾದಿಸುತ್ತೇನೆ. ಉಳಿದವರು ಒಪ್ಪುವುದಿಲ್ಲ.

ಓದಿನಲ್ಲಿ ಭಾವ ಹುಲಿ. ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ನೀರು ಬೇಕು, ಇಪ್ಪತ್ತು ಜನಕ್ಕೆ ಎಷ್ಟು ಶೌಚಾಲಯ, ಡೇರೆ ಡೇರೆಯ ನಡುವೆ ಎಷ್ಟು ಜಾಗ, ಎಲ್ಲವೂ ನಾಲಿಗೆಯ ತುದಿಯಲ್ಲಿ. ಊಟಕ್ಕೆ ಕೂತರೆ, ಮನೆಯಲ್ಲಿ ಯಾರಿಗೆ ಮೊದಲು ಬಡಿಸಬೇಕೆಂದು ಪಟ್ಟಿ ಹೇಳುತ್ತಿದ್ದರು. ವಯಸ್ಸಾದವರು, ಗರ್ಭಿಣಿಯರು, ಕಾಯಿಲೆಯವರು, ಮಕ್ಕಳು. ಈ ಲೆಕ್ಕದಲ್ಲಿ ನನ್ನ ತಟ್ಟೆಗೆ ಅನ್ನ ಬೀಳುವಷ್ಟರಲ್ಲಿ ಆರಿಹೋಗಿರುತ್ತಿತ್ತು.

ಅವರು ಎಡವಿದ್ದು ಪ್ರಾಯೋಗಿಕ ಪರೀಕ್ಷೆಯಲ್ಲಿ. ಎರಡನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಒಂದು ತಾಲೀಮು ನಡೆಸಬೇಕು. ಅನಾಹುತವಾಗಿದೆ ಎಂದು ಊಹಿಸಿಕೊಂಡು ನಿರಾಶ್ರಿತರನ್ನು ನೋಡಿಕೊಳ್ಳಬೇಕು. ಮೊದಲ ಸಲ ನಿರಾಶ್ರಿತರ ವೇಷ ಹಾಕಿದ್ದವರು ಕಾಲೇಜಿನ ಹುಡುಗಿಯರೇ. ಒಬ್ಬಳು ಚೆನ್ನಾಗಿ ಅತ್ತಳು. ಭಾವ ಕರಗಿ ನೀರಾಗಿ ಅವಳಿಗೆ ಎರಡು ಕೋಣೆಯ ಮನೆ ಕೊಡಿಸುತ್ತೇನೆಂದರು. ಅವಳು ಇನ್ನೂ ಜೋರಾಗಿ ಅತ್ತಳು. ಅವಳ ಅಣ್ಣನಿಗೆ ಕೆಲಸ ಎಂದರು. ಕೊನೆಗೆ ಅವರೇ ಅಳತೊಡಗಿದಾಗ ಆ ಹುಡುಗಿ ಕರವಸ್ತ್ರ ಕೊಟ್ಟು ಸಮಾಧಾನ ಮಾಡಿದಳು. ಲೆಕ್ಚರರ್ ಮೇಡಂ ಕೆಂಪು ಶಾಯಿಯಲ್ಲಿ ಬರೆದರು: "ಈಡೇರಿಸಲಾಗದ ಭರವಸೆ ನೆರವಲ್ಲ, ಮೋಸ. ಅನುತ್ತೀರ್ಣ."

ಪ್ರಾಯೋಗಿಕಕ್ಕೆ ಇರುವುದು ಎರಡೇ ಅವಕಾಶ. ಎರಡನೆಯದರಲ್ಲೂ ಫೇಲಾದರೆ ಪದವಿಯ ಆಸೆ ಬಿಟ್ಟು ಮನೆಗೆ ಬರಬೇಕು. ಭಾವ ಗೋಡೆಯ ಮೇಲೆ ಚೀಟಿ ಅಂಟಿಸಿದರು: "ಭರವಸೆ ಕೊಡಬಾರದು." ಆರು ತಿಂಗಳು ಅದನ್ನೇ ಜಪಿಸಿದರು. ಸಂಜೆ ಬೇಗ ಬರ್ತೀರಾ ಎಂದು ಅಕ್ಕ ಕೇಳಿದರೂ "ಭರವಸೆ ಕೊಡಲಾರೆ" ಎನ್ನುವ ಮಟ್ಟಕ್ಕೆ ಮುಟ್ಟಿದರು.

ಎರಡನೆಯ ಸಲದ ಪರೀಕ್ಷೆ ಹೀಗಿತ್ತು. ತಾವಿರುವ ಕಟ್ಟಡವನ್ನು ಎರಡು ಗಂಟೆಯೊಳಗೆ ಖಾಲಿ ಮಾಡಬೇಕಾಗಿ ಬಂದಿದೆ ಎಂದು ಊಹಿಸಿಕೊಳ್ಳಬೇಕು. ಮನೆಮನೆಗೆ ಹೋಗಿ, ಯಾರಿಗೆ ಏನು ಬೇಕೆಂದು ಫಾರಂ ತುಂಬಿಸಬೇಕು. ಕಟ್ಟಡದ ಹಿಂದಿರುವ ಶಾಲೆಯ ಮೈದಾನದಲ್ಲಿ ಮೇಜು ಹಾಕಿ, ಒಪ್ಪಿದ ನಾಲ್ಕಾರು ಮನೆಯವರನ್ನು ಕರೆತಂದು ಹೆಸರು ಬರೆದುಕೊಂಡು ಕೂರಿಸಬೇಕು. ಮೂರು ಗಂಟೆಗೆ ಮೇಡಂ ಬಂದು ನೋಡುತ್ತಾರೆ. ಆಮೇಲೆ ಹತ್ತು ಬೇರೆಬೇರೆ ಮನೆಯವರು ಭಾವನ ಕೆಲಸದ ಬಗ್ಗೆ ಅಭಿಪ್ರಾಯ ಬರೆದು ಸಹಿ ಹಾಕಬೇಕು. ಹತ್ತಕ್ಕೆ ಒಂದು ಕಡಿಮೆಯಾದರೂ ಇಲ್ಲ. ನೆಂಟರ ಸಹಿ ನಡೆಯುವುದಿಲ್ಲ. ಆ ಹಾಳೆಗಳು ಅದೇ ಶನಿವಾರ ಸಂಜೆ ಐದು ಗಂಟೆಯೊಳಗೆ ಕಾಲೇಜಿನ ಆಫೀಸು ಸೇರಬೇಕು. ಅದೇ ಕೊನೆಯ ದಿನ.

ಫಾರಂ ಕೊಟ್ಟು ಭಾವ ನನಗೆ, "ಅರವತ್ತು ಪ್ರತಿ ತೆಗಿಯೋ, ಗೀಟು ಬೀಳಬಾರದು" ಎಂದರು. ಮೂಲ ಪ್ರತಿ ಉದ್ದದ ಲೀಗಲ್ ಹಾಳೆಯಲ್ಲಿತ್ತು. ನನ್ನ ಹತ್ತಿರ ಲೀಗಲ್ ಹಾಳೆ ಇರಲಿಲ್ಲವೆಂದಲ್ಲ, ಇತ್ತು. ಆದರೆ ಭಾವನ ಕೆಲಸ ಬಿಟ್ಟಿ ಕೆಲಸ. ಬಿಟ್ಟಿ ಕೆಲಸಕ್ಕೆ ಗಿಡ್ಡ ಹಾಳೆ ಸಾಕೆಂದು ಅದರಲ್ಲೇ ಹೊಡೆದೆ. ಮೇಲೆ ಒಂದಿಂಚು, ಕೆಳಗೆ ಒಂದಿಂಚು ಹೋಯಿತು. ಪ್ರಶ್ನೆಗಳೆಲ್ಲ ನಡುವೆ ಇದ್ದವು, ಒಂದೂ ಹೋಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಭಾವ ಹೊಳೆಯುವ ಪಟ್ಟಿಯ ಹಳದಿ ಜಾಕೆಟ್ ಹಾಕಿಕೊಂಡು, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಮೊದಲ ಮಹಡಿಯ ಟೈಲರ್ ಮನೆಯ ಬಾಗಿಲು ತಟ್ಟಿದರು. ಫಾರಂನಲ್ಲಿ ಇರುವುದನ್ನು ಇದ್ದ ಹಾಗೆ ಓದಬೇಕು, ಸ್ವಂತ ಮಾತು ಸೇರಿಸಬಾರದು ಎಂಬುದು ಪರೀಕ್ಷೆಯ ನಿಯಮ. ಭಾವ ನಿಯಮಕ್ಕೆ ಕಟ್ಟುಬಿದ್ದು ಒಂದು ಪ್ರತಿ ಟೈಲರ್ ಕೈಗೂ ಕೊಟ್ಟು ಓದಿದರು.

"ಮನೆಯಲ್ಲಿರುವವರ ಸಂಖ್ಯೆ ಎಷ್ಟು?"

"ಐದು. ಏನ್ ಸಾರ್ ಇದು ಜಾಕೆಟ್ಟು ಗೀಕೆಟ್ಟು?"

"ಅವರಲ್ಲಿ ತಾವಾಗಿಯೇ ಮೆಟ್ಟಿಲು ಇಳಿಯಲಾರದವರು ಎಷ್ಟು ಮಂದಿ?"

ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಯಾಕೆ ಸಾರ್? ಬಿಲ್ಡಿಂಗ್‌ಗೆ ಏನಾದ್ರೂ ಆಗತ್ತಾ?"

"ಅದರ ಬಗ್ಗೆ ನಾನು ಯಾವ ಭರವಸೆಯನ್ನೂ ಕೊಡಲಾರೆ."

"ಅಂದ್ರೆ ಬೀಳತ್ತಾ?"

"ಬೀಳುತ್ತೆ ಅಂತಲೂ ಭರವಸೆ ಕೊಡಲಾರೆ, ಬೀಳಲ್ಲ ಅಂತಲೂ ಕೊಡಲಾರೆ. ಮನೆ ಬಿಡಬೇಕಾದಲ್ಲಿ ಜೊತೆಗೆ ಒಯ್ಯಲೇಬೇಕಾದ ಔಷಧಿಗಳು ಯಾವುವು?"

ಟೈಲರ್ ಒಳಗೆ ತಿರುಗಿ ಕೂಗಿದ್ದು ನನ್ನ ಅಂಗಡಿಗೂ ಕೇಳಿಸಿತು. "ಏಯ್, ಆ ಮಿಷನ್ನಿಂದ ಎದ್ದೇಳೇ! ಅಮ್ಮನ ಮಾತ್ರೆ ಡಬ್ಬ ಎಲ್ಲಿ?"

ಭಾವ ಧನ್ಯವಾದ ಹೇಳಿ ಮುಂದಿನ ಮನೆಗೆ ಹೋದರು. ಎರಡನೆಯ ಮಹಡಿಯಲ್ಲಿರುವವರು ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ. ನೀರಿನ ಟ್ಯಾಂಕಿನ ಕೆಳಗಿನ ಗೋಡೆಯಲ್ಲಿ ಬಿರುಕಿದೆ ಎಂದು ಎರಡು ವರ್ಷದಿಂದ ಪತ್ರ ಬರೆಯುತ್ತಾ, ಯಾರೂ ಕಿವಿಗೆ ಹಾಕಿಕೊಳ್ಳದೆ ಮುಖ ಗಂಟಿಕ್ಕಿಕೊಂಡೇ ಇರುವ ಮನುಷ್ಯ. ಭಾವನ ಪ್ರಶ್ನೆ ಮುಗಿಯುವ ಮೊದಲೇ ಅವರ ಮುಖ ಅರಳಿತು. "ನಾನು ಹೇಳ್ಲಿಲ್ವಾ? ನಾನು ಹೇಳ್ಲಿಲ್ವಾ?" ಎನ್ನುತ್ತಾ ನಗರಸಭೆಯ ಇಂಜಿನಿಯರಿಗೆ ಫೋನು ಹಚ್ಚತೊಡಗಿದರು.

ಮಧ್ಯಾಹ್ನ ಒಂದು ಗಂಟೆಗೆ ಕೊನೆಗೂ ಫೋನೆತ್ತಿದ ಇಂಜಿನಿಯರ್ ಆ ಕಡೆಯಿಂದ "ಇಲ್ಲ, ಏನೂ ಆಗಲ್ಲ" ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಸರ್ಕಾರಿ ನೌಕರರು. "ಯಾರು ಹೇಳಿದ್ದು? ನಾನು ಆ ಫೈಲಿಗೆ ಸಹಿ ಹಾಕಿಲ್ಲ! ನನ್ನ ಕಾಲದಲ್ಲಿ ಕಟ್ಟಿದ್ದಲ್ಲ!" ಎಂದು ಕಿರುಚಿ ಫೋನ್ ಇಟ್ಟರು. ಕಾರ್ಯದರ್ಶಿ ಮೆಟ್ಟಿಲ ಬಳಿ ನಿಂತು ಇಡೀ ಕಟ್ಟಡಕ್ಕೆ ಸಾರಿದರು. "ಇಂಜಿನಿಯರೇ ಹೆದರ್ಕೊಂಡಿದ್ದಾರೆ! ಎಲ್ಲಾರೂ ಇಳೀರಿ!"

ಆ ಹೊತ್ತಿಗೆ ಭಾವ ಮನೆಮನೆಯ ಕೆಲಸ ಮುಗಿಸಿ, ಮೈದಾನದಲ್ಲಿ ನೀರಿನ ಕ್ಯಾನು, ಬಿಸ್ಕತ್ತು ಇಳಿಸಿಕೊಂಡು ಅಕ್ಕನ ಜೊತೆ ಸೇರಿ ಹಗ್ಗ ಕಟ್ಟುತ್ತಿದ್ದರು. ನಾಲ್ಕು ಮನೆಯವರು ಬಂದರೆ ಹೆಚ್ಚೆಂದುಕೊಂಡಿದ್ದವರು ತಲೆ ಎತ್ತಿ ನೋಡಿದರೆ ತೊಂಬತ್ತು ಚಿಲ್ಲರೆ ಜನ ಗಂಟುಮೂಟೆ ಸಮೇತ ಬರುತ್ತಿದ್ದಾರೆ. ಒಬ್ಬರ ತಲೆಯ ಮೇಲೆ ಮಿಕ್ಸಿ, ಇನ್ನೊಬ್ಬರ ಕಂಕುಳಲ್ಲಿ ಗೋಡೆ ಗಡಿಯಾರ. ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಮನೆಯ ಬಾಗಿಲನ್ನೇ ಕಳಚಿಕೊಂಡು ಬಂದಿದ್ದರು. ತೇಗದ್ದು, ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ.

ಭಾವನ ಕಣ್ಣು ತುಂಬಿ ಬಂತು. ನನ್ನ ಕೈ ಹಿಡಿದುಕೊಂಡು, "ನೋಡಿದ್ಯೇನೋ? ನಾನೊಬ್ಬ ಪಾಸಾಗ್ಲಿ ಅಂತ ಇಡೀ ಬಿಲ್ಡಿಂಗ್ ಬಂದಿದೆ. ಅದೂ ಎಂಥಾ ನಟನೆ! ಆ ಟೈಲರ್ ಹೆಂಡ್ತಿ ನಡುಗೋದು ನೋಡು, ನಿಜವಾಗ್ಲೂ ನಡುಗೋರು ಹೀಗೆ ನಡುಗಲ್ಲ" ಎಂದರು.

ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಟೈಲರ್ ನನ್ನ ಪಕ್ಕ ಬಂದು, "ನಿಮ್ಮ ಜೆರಾಕ್ಸ್ ಮಿಷನ್ ಯಾಕೆ ಬಿಟ್ಟು ಬಂದ್ರಿ? ಬಿಲ್ಡಿಂಗ್ ಇನ್ನೇನು ಕೂತ್ಕೊಳತ್ತಂತೆ" ಎಂದಾಗ ಇದು ನಟನೆಯಲ್ಲ ಎಂದು ಗೊತ್ತಾಯಿತು. ಅವನ ಕೈಯಲ್ಲಿದ್ದ ಫಾರಂ ಇಸಿದುಕೊಂಡು ನೋಡಿದೆ. ಅಂಗಡಿಗೆ ಓಡಿಹೋಗಿ ಮೂಲ ಪ್ರತಿ ತೆಗೆದು ನೋಡಿದೆ. ಮೂಲದಲ್ಲಿ ಮೇಲ್ಗಡೆ ಅಂಚಿನಲ್ಲಿ ದಪ್ಪಕ್ಷರದಲ್ಲಿತ್ತು: "ತಾಲೀಮು! ತಾಲೀಮು! ತಾಲೀಮು! ನಿಜವಾದ ಅನಾಹುತವಲ್ಲ." ಕೆಳ ಅಂಚಿನಲ್ಲೂ ಅದೇ. ಇದನ್ನು ಪ್ರತಿ ಮನೆಯವರೂ ಮೊದಲು ಓದಿ ತಿಳಿದುಕೊಳ್ಳಬೇಕು ಎಂಬುದೇ ಇಡೀ ತಾಲೀಮಿನ ಅಡಿಪಾಯ. ಭಾವನಿಗೆ ಫಾರಂ ಬಾಯಿಪಾಠ. ಅವರು ಕಣ್ಣು ಹಾಯಿಸುತ್ತಿದ್ದದ್ದು ಪ್ರಶ್ನೆಗಳ ಮೇಲೆ ಮಾತ್ರ. ಆ ಎರಡು ಸಾಲು ಅರವತ್ತು ಪ್ರತಿಯಲ್ಲೂ ಮಾಯವಾಗಿದ್ದದ್ದು ನನ್ನ ಗಿಡ್ಡ ಹಾಳೆಯ ಮಹಿಮೆಯಿಂದ.

ಕೂಡಲೇ ಹೋಗಿ ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದರೆ ತಾಲೀಮು ಕೆಡುತ್ತದೆ, ಭಾವ ಫೇಲಾಗುತ್ತಾರೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜವಾದ ಕಾರಣ, ಆ ತೇಗದ ಬಾಗಿಲು ಹೊತ್ತವರ ತೋಳು ನೋಡಿ ನನಗೆ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಇಂಜಿನಿಯರ್ ಸ್ಕೂಟರಿನಿಂದ ಇಳಿದು ಏದುಸಿರು ಬಿಡುತ್ತಾ ಬಂದರು. ಹಳದಿ ಜಾಕೆಟ್ ನೋಡಿದ್ದೇ ತಡ, ಭಾವನನ್ನು ಯಾರೋ ಮೇಲಿನ ಕಚೇರಿಯಿಂದ ಬಂದವರೆಂದು ನಿರ್ಧರಿಸಿ ಕೈ ಕಟ್ಟಿ ನಿಂತರು.

"ಸಾರ್, ವರದಿ ಯಾವಾಗ ಹೋಗತ್ತೆ ಸಾರ್?"

"ಮೂರು ಗಂಟೆಗೆ ಮೇಡಂ ಬರ್ತಾರೆ. ಎಲ್ಲಾ ಅವರ ಕೈಲಿದೆ."

"ಮೇಡಂ ಸ್ವಲ್ಪ... ಅಡ್ಜಸ್ಟ್ ಮಾಡ್ಕೊಳೋರಾ?"

"ಛೇ ಛೇ, ಭಾರಿ ಸ್ಟ್ರಿಕ್ಟ್. ಹೋದ ಸಲ ನನ್ನನ್ನೇ ಫೇಲ್ ಮಾಡಿದ್ರು."

ಇಂಥ ಗಂಭೀರ ಅಧಿಕಾರಿಯನ್ನೇ ಫೇಲ್ ಮಾಡಿದವರು ತನ್ನನ್ನು ಏನು ಮಾಡಿಯಾರು ಎಂದು ಇಂಜಿನಿಯರ್ ಬೆವರೊರೆಸಿಕೊಂಡರು. "ನಾನೇನು ಮಾಡ್ಲಿ ಸಾರ್?" ಎಂದರು.

"ಆ ನೀರಿನ ಕ್ಯಾನುಗಳನ್ನ ನೆರಳಿಗೆ ಎತ್ತಿಡಿ."

ಇಂಜಿನಿಯರ್ ತೋಳು ಮಡಿಸಿ ಇಪ್ಪತ್ತು ಕ್ಯಾನು ಹೊತ್ತರು. ಅವರು ಕೆಲಸ ಮಾಡುವುದನ್ನು ನಮ್ಮ ಬೀದಿಯವರು ನೋಡಿದ್ದು ಅದೇ ಮೊದಲು.

ಇಲ್ಲಿ ತಮಾಷೆ ಬದಿಗಿಟ್ಟು ಒಂದು ಮಾತು ಹೇಳಬೇಕು. ಆ ಎರಡು ಗಂಟೆ ನಮ್ಮ ಭಾವ ಕೆಲಸ ಮಾಡಿದ್ದನ್ನು ನೋಡಿ ನಾನು ದಂಗಾದೆ. ಮನೆಯಲ್ಲಿ ಚಪ್ಪಲಿ ಎಡಬಲ ಹಾಕಿಕೊಳ್ಳುವ ಮನುಷ್ಯ! ತೊಂಬತ್ತು ಜನ ಒಟ್ಟಿಗೆ ಕೂಗಾಡುತ್ತಿದ್ದರೆ ಅವರ ದನಿ ಮಾತ್ರ ಏರಲಿಲ್ಲ. ಹಗ್ಗ ಹಿಡಿದು ಎರಡು ಸಾಲು ಮಾಡಿದರು. ವಯಸ್ಸಾದವರನ್ನು ಮರದ ನೆರಳಿನಲ್ಲಿ ಕೂರಿಸಿದರು. ಸಕ್ಕರೆ ಕಾಯಿಲೆಯವರು ಯಾರು ಯಾರೆಂದು ಫಾರಂ ನೋಡಿ, ಹಸಿದಿರಬಾರದೆಂದು ಮೊದಲು ಅವರಿಗೆ ಬಿಸ್ಕತ್ತು ಕೊಟ್ಟರು. ಟೈಲರ್ ಹೆಂಡತಿಯ ಪಕ್ಕ ಸುಮ್ಮನೆ ಐದು ನಿಮಿಷ ಕೂತರು, ಅವಳ ನಡುಕ ನಿಂತಿತು. ಮೇಜಿನ ಮೇಲೆ ಒಂದು ಡಬ್ಬ ಇಟ್ಟು "ದೂರುಗಳು ಇಲ್ಲಿ" ಎಂದು ಬರೆದರು. ನೆರವು ಪಡೆಯುವವನಿಗೆ ದೂರುವ ಹಕ್ಕೂ ಇರಬೇಕೆಂದು ಅವರ ಪಾಠದಲ್ಲಿದೆ.

ಆಮೇಲೆ ಪಟ್ಟಿ ನೋಡಿ, "ನಾಲ್ಕನೇ ಮಹಡಿಯ ಟೆಲಿಫೋನ್ ಅಮ್ಮ ಎಲ್ಲಿ?" ಎಂದು ಕೇಳಿದರು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದ ಒಂಟಿ ಹೆಂಗಸು ಆಕೆ. ಮಂಡಿ ಸವೆದು ನಾಲ್ಕು ವರ್ಷದಿಂದ ಮನೆ ಬಿಟ್ಟು ಇಳಿದಿರಲಿಲ್ಲ. ಮುಂಭಾಗದ ಕಿಟಕಿಯಿಂದ ಬುಟ್ಟಿಗೆ ಹಗ್ಗ ಕಟ್ಟಿ ಸಾಮಾನು ಮೇಲೆಳೆದುಕೊಳ್ಳುತ್ತಿದ್ದರು. ಮಿಕ್ಸಿ ನೆನಪಾಗಿತ್ತು, ಗಡಿಯಾರ ನೆನಪಾಗಿತ್ತು, ಬಾಗಿಲು ಕೂಡ ನೆನಪಾಗಿತ್ತು. ಆಕೆ ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

ಭಾವ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಟೈಲರ್‌ನನ್ನೂ ಡ್ರೈವಿಂಗ್ ಮೇಷ್ಟ್ರನ್ನೂ ಕರೆದುಕೊಂಡು ಮೇಲೆ ಹೋದರು. ಬೀಳುವ ಕಟ್ಟಡದೊಳಕ್ಕೆ ಅವರಿಬ್ಬರೂ ಮರುಮಾತಿಲ್ಲದೆ ಹೋದರು ಎಂಬುದನ್ನು ಅವರ ಪರವಾಗಿ ಇಲ್ಲಿ ದಾಖಲಿಸುತ್ತೇನೆ. ನಾನು ಅಂಗಡಿಯ ಬಾಗಿಲ ಹತ್ತಿರ ನಿಂತು ನೋಡಿದೆ. ಗಟ್ಟಿ ಕುರ್ಚಿಯೊಂದರಲ್ಲಿ ಆಕೆಯನ್ನು ಕೂರಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ, ಕುರ್ಚಿಯನ್ನು ಹಿಂದಕ್ಕೆ ಓಲಿಸಿ, ಹಿಂದೆ ಒಬ್ಬ, ಮುಂದಿನ ಕಾಲಿಗೆ ಒಬ್ಬ. ಭಾವ ಪಕ್ಕದಲ್ಲಿ ಇಳಿಯುತ್ತಾ ಪ್ರತಿ ಮೆಟ್ಟಿಲಿಗೂ, "ಅಮ್ಮಾ, ಇಳಿಸಲಾ?" ಎಂದು ಕೇಳುತ್ತಿದ್ದರು. ಆಕೆ "ಹೂಂ" ಎಂದ ಮೇಲೆಯೇ ಮುಂದಿನ ಮೆಟ್ಟಿಲು. ಅರವತ್ತೆಂಟು ಮೆಟ್ಟಿಲು, ಅರವತ್ತೆಂಟು "ಹೂಂ".

ಮೂರು ಗಂಟೆಗೆ ಸರಿಯಾಗಿ ಮೇಡಂ ಬಂದರು. ಮೈದಾನ ಸುತ್ತಿದರು. ಸಾಲು ನೋಡಿದರು, ನೆರಳು ನೋಡಿದರು, ಕುರ್ಚಿಯಲ್ಲಿ ಕೂತ ಟೆಲಿಫೋನ್ ಅಮ್ಮನನ್ನು ನೋಡಿದರು. ಕ್ಯಾನು ಹೊರುತ್ತಿದ್ದ ಇಂಜಿನಿಯರ್ ಅವರಿಗೆ ಬಗ್ಗಿ ನಮಸ್ಕಾರ ಮಾಡಿದರು. "ಹದಿನೆಂಟು ವರ್ಷದಲ್ಲಿ ಇಂಥಾ ತಾಲೀಮು ನೋಡಿಲ್ಲ" ಎಂದು ಮೇಡಂ ಮೆಲ್ಲಗೆ ಹೇಳಿ ಫಾರಂ ಕೈಗೆತ್ತಿಕೊಂಡರು. ಮೇಲೆ ನೋಡಿದರು, ಕೆಳಗೆ ನೋಡಿದರು, ತಿರುಗಿಸಿ ನೋಡಿದರು.

"ತಾಲೀಮು ಅನ್ನೋ ಸಾಲು ಎಲ್ಲಿ?"

ಆ ಮಾತು ಹತ್ತಿರದಲ್ಲೇ ಇದ್ದ ಕಾರ್ಯದರ್ಶಿಯ ಕಿವಿಗೆ ಬಿತ್ತು. "ತಾಲೀಮಾ?" ಎಂದರು ಅವರು. "ತಾಲೀಮಾ?" ಎಂದ ಟೈಲರ್. ಅದು ಎರಡೂ ಸಾಲುಗಳ ಕೊನೆಯವರೆಗೆ ಹೋಗಿ ತಿರುಗಿ ಬರುವಾಗ ದನಿ ಬೇರೆಯಾಗಿತ್ತು.

ನನ್ನ ಕಾಲು ಹೇಗೆ ಮುಂದಕ್ಕೆ ಬಂತೋ ಕಾಣೆ. "ತಪ್ಪು ನಂದು. ಗಿಡ್ಡ ಹಾಳೆಯಲ್ಲಿ ಹೊಡೆದೆ" ಎಂದೆ.

ಭಾವ ನನ್ನ ಭುಜದ ಮೇಲೆ ಕೈಯಿಟ್ಟು ಹಿಂದಕ್ಕೆ ಸರಿಸಿದರು. "ಇಲ್ಲ ಮೇಡಂ. ಹಂಚೋ ಮುಂಚೆ ನೋಡ್ಬೇಕಾಗಿದ್ದು ನಾನು. ಇಷ್ಟು ಜನಾನ ಹೆದರಿಸಿದ್ದು ನಾನು." ಜನರ ಕಡೆ ತಿರುಗಿ ಕೈ ಮುಗಿದರು. "ಬಿಲ್ಡಿಂಗ್ ಬೀಳಲ್ಲ. ಇದು ನನ್ನ ಪರೀಕ್ಷೆ. ತಪ್ಪಾಯ್ತು."

ಆಮೇಲಿನ ಕಾಲು ಗಂಟೆಯ ಮಾತುಗಳನ್ನು ಅಚ್ಚು ಹಾಕುವಂತಿಲ್ಲ. ಇಂಜಿನಿಯರಿಗೆ ಎಲ್ಲಿಲ್ಲದ ಧೈರ್ಯ ಬಂದು, "ನಾನು ಮೊದಲೇ ಹೇಳಿದ್ದೆ, ಕಲ್ಲುಗುಂಡಿನ ಹಾಗಿದೆ ಬಿಲ್ಡಿಂಗು!" ಎಂದು ಕ್ಯಾನು ಕೆಳಗೆ ಕುಕ್ಕಿದರು. ಭಾವ ಎಲ್ಲವನ್ನೂ ಕೇಳಿಸಿಕೊಂಡು, ದೂರಿನ ಡಬ್ಬ ಹಿಡಿದು, ಚೀಟಿ ಪೆನ್ನು ಸಮೇತ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತರು. ತನ್ನನ್ನು ಬೈಯುವ ಸಾಲನ್ನೂ ಅಷ್ಟು ಶಿಸ್ತಾಗಿ ನಡೆಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಲವತ್ತೊಂದು ದೂರು ಬಂದವು. ಮೇಡಂ ಒಂದೊಂದಾಗಿ ಓದಿದರು.

"ಸಾಲಿನಲ್ಲಿ ನನ್ನ ನಂಬರು ಇಪ್ಪತ್ತಮೂರು, ನಾನು ಕಾರ್ಯದರ್ಶಿ ಎಂದು ಹೇಳಿದರೂ ಬದಲಾಯಿಸಲಿಲ್ಲ." "ಬಾಗಿಲು ಇಡಲು ಪ್ರತ್ಯೇಕ ಜಾಗ ಇರಲಿಲ್ಲ." "ನನ್ನ ಸಕ್ಕರೆ ಕಾಯಿಲೆ ವಿಷಯ ಹೆಂಡತಿಗೆ ಗೊತ್ತಿರಲಿಲ್ಲ, ಬಿಸ್ಕತ್ತು ಕೊಟ್ಟು ಗೊತ್ತು ಮಾಡಿದರು."

ಭಾವ ಪ್ರತಿಯೊಂದಕ್ಕೂ ಉತ್ತರ ಹೇಳಿದರು. ಸರಿಪಡಿಸಬಹುದಾದದ್ದನ್ನು ಸರಿಪಡಿಸಿದರು, ಆಗದ್ದನ್ನು ಆಗದು ಎಂದರು. ಬಾಗಿಲನ್ನು ತಾವೇ ಒಂದು ತುದಿ ಹಿಡಿದು ಮೇಲೆ ಒಯ್ದು ಕೂರಿಸಿ ಬಂದರು. ಒಂಬತ್ತು ಮನೆಯವರು ಗೊಣಗುತ್ತಲೇ ಅಭಿಪ್ರಾಯದ ಹಾಳೆಗೆ ಸಹಿ ಹಾಕಿದರು. ಮಿಕ್ಕವರು ಸಿಟ್ಟಿನಲ್ಲಿ ಗಂಟು ಹೊತ್ತು ಹೊರಟುಹೋದರು. ನಾಲ್ಕು ಗಂಟೆಗೆ ಮೈದಾನದಲ್ಲಿ ಉಳಿದದ್ದು ನಾವು, ಮೇಡಂ, ಕುರ್ಚಿಯಲ್ಲಿ ಟೆಲಿಫೋನ್ ಅಮ್ಮ. ಹತ್ತನೆಯ ಸಹಿ ಅವರದ್ದೇ ಆಗಬೇಕಿತ್ತು.

ಟೈಲರ್ ಮತ್ತು ಮೇಷ್ಟ್ರು ಕೆಲಸ ಮುಗಿಸಿಬಿಡೋಣವೆಂದು ಬಂದು ಕುರ್ಚಿಗೆ ಕೈ ಹಾಕಿದರು. ಆಕೆ ಅವರ ಕೈ ಮೇಲೆ ಫಟ್ಟೆಂದು ಹೊಡೆದರು.

"ಇಳಿಸುವಾಗ ಮೆಟ್ಟಿಲಿಗೊಂದು ಸಲ ಕೇಳಿದ್ರಿ. ಹತ್ತಿಸುವಾಗ ಯಾರೂ ಕೇಳಲ್ವಾ? ನಂಗೂ ಒಂದು ದೂರಿನ ಚೀಟಿ ಕೊಡಿ."

ಭಾವ ಚೀಟಿ ಕೊಟ್ಟು, ಅವರಿಬ್ಬರನ್ನು ಕಳಿಸಿದರು. "ಎಷ್ಟು ಹೊತ್ತು ಕೂರ್ತೀರಮ್ಮ?"

"ಗೊತ್ತಿಲ್ಲ. ಸಾಕು ಅನ್ಸಿದಾಗ ಹೇಳ್ತೀನಿ."

"ಆಗಲಿ" ಎಂದು ಭಾವ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು.

ಅಭಿಪ್ರಾಯದ ಹಾಳೆ ಅವರ ಜೇಬಿನಲ್ಲೇ ಇತ್ತು. ಕಾಲೇಜು ಸ್ಕೂಟರಿನಲ್ಲಿ ಹದಿನೈದು ನಿಮಿಷದ ದಾರಿ. ನಾನು ಕಣ್ಣು ಸನ್ನೆ ಮಾಡಿದೆ, ಕೆಮ್ಮಿದೆ. ಕೊನೆಗೆ ಹತ್ತಿರ ಹೋಗಿ ಕಿವಿಯಲ್ಲಿ, "ಭಾವ, ಸಹಿ!" ಎಂದೆ. "ದೂರು ಇನ್ನೂ ಬಗೆಹರಿದಿಲ್ಲ ಕಣೋ. ಬಗೆಹರಿಯದೆ ಸಹಿ ಕೇಳಿದ್ರೆ ಅದು ಒತ್ತಾಯ ಆಗತ್ತೆ" ಎಂದರು. ಅಕ್ಕ ಕೂಡ ಗಂಡನನ್ನು ಗದರಿಸಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

"ಆ ಬಸ್ ಸ್ಟಾಪು ಯಾವಾಗ ಈ ಕಡೆಗೆ ಬಂತು?" ಎಂದು ಟೆಲಿಫೋನ್ ಅಮ್ಮ ಕೇಳಿದರು.

"ಮೂರು ವರ್ಷ ಆಯ್ತಮ್ಮ."

"ಆ ಮೂಲೇಲಿ ಔಷಧಿ ಅಂಗಡಿ ಇತ್ತಲ್ಲ?"

"ಮುಚ್ಚಿದ್ರು. ಈಗ ಸೈಕಲ್ ಮಾರ್ತಾರೆ."

ಹೀಗೆ ಬೀದಿಯ ಒಂದೊಂದು ಕಟ್ಟಡವೂ ಆಯಿತು. ನಾಲ್ಕೂಕಾಲು. ನಾಲ್ಕೂವರೆ. ಮೇಡಂ ವಾಚು ನೋಡುವುದನ್ನು ಬಿಟ್ಟು, ಬ್ಯಾಗು ಕೆಳಗಿಟ್ಟು ತಾವೂ ಕೂತರು. ನನಗೆ ತಡೆಯಲಾಗಲಿಲ್ಲ. ಆಕೆಯ ಮುಂದೆ ಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. ಎರಡನೇ ಅವಕಾಶ, ಹತ್ತನೇ ಸಹಿ, ಐದು ಗಂಟೆ.

ಆಕೆ ಭಾವನ ಕಡೆ ತಿರುಗಿದರು. "ಮೊದಲೇ ಹೇಳೋಕೆ ನಿನಗೇನಪ್ಪಾ ಧಾಡಿ? ಕೊಡು ಇಲ್ಲಿ."

ಹಾಳೆ ಬಿಡಿಸಿ, ಆಪರೇಟರ್ ದನಿಯಲ್ಲಿ ಗಟ್ಟಿಯಾಗಿ ಓದಿದರು. ಮೂವತ್ತು ವರ್ಷ ದೂರದೂರಿಗೆ ಕೂಗಿ ಮಾತಾಡಿದ ಗಂಟಲು, ನಾಲ್ಕು ಮಹಡಿಯ ಬಾಲ್ಕನಿಗೂ ಕೇಳಿಸಿತು. "ನಿಮ್ಮನ್ನು ಗೌರವದಿಂದ ನಡೆಸಿಕೊಂಡರೇ? ಹೌದು ಅಥವಾ ಇಲ್ಲ. ಬೇರೇನಾದರೂ ಹೇಳುವುದಿದ್ದರೆ ಇಲ್ಲಿ ಬರೆಯಿರಿ." ಬರೆದರು, ನಿಧಾನವಾಗಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು. ಸಹಿ ಹಾಕಿ ಮೇಡಂ ಕೈಗೆ ಕೊಟ್ಟರು. ಮೇಡಂ ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು:

"ಹೌದು. ಆದರೆ ನನ್ನನ್ನು ಕೆಳಗೆ ಕರೆದುಕೊಂಡು ಬರಲು ಕಟ್ಟಡವೇ ಬೀಳಬೇಕಾಗಿರಲಿಲ್ಲ."

ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಮೇಡಂ ಹಾಳೆಗಳನ್ನು ಬ್ಯಾಗಿಗೆ ತುರುಕಿ ಸ್ಕೂಟರ್ ಹತ್ತಿದರು. ಐದಕ್ಕೆ ಎರಡು ನಿಮಿಷವಿರುವಾಗ ಆಫೀಸು ಮುಟ್ಟಿದರಂತೆ. ಕತ್ತಲಾಗುವ ಹೊತ್ತಿಗೆ ಟೆಲಿಫೋನ್ ಅಮ್ಮ "ಸಾಕು" ಎಂದ ಮೇಲೆಯೇ ಅವರನ್ನು ಮೇಲೆ ಹತ್ತಿಸಿದೆವು. ಭಾವ ಪಾಸಾದರು. ಹಾಳೆ ಪರೀಕ್ಷಿಸದೆ ಹಂಚಿದ್ದಕ್ಕೆ ಇಪ್ಪತ್ತು ಅಂಕ ಕಡಿದಿದ್ದರು, ಅದು ನ್ಯಾಯವೇ ಎಂದು ಭಾವ ಈಗಲೂ ಹೇಳುತ್ತಾರೆ. ಸುದ್ದಿ ಬಂದಾಗ ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಳು.

ತಾಲೀಮಿನ ಮಾರನೆಯ ದಿನ, ಭಾನುವಾರ ನಾಲ್ಕು ಗಂಟೆಗೆ, ಭಾವ ಪುಸ್ತಕ ಹಿಡಿದು ಕೂತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಇಣುಕಿ ನೋಡಿದೆವು. ಟೈಲರ್, ಡ್ರೈವಿಂಗ್ ಮೇಷ್ಟ್ರು, ಅವರ ಹಿಂದೆ ಮುಖ ಗಂಟಿಕ್ಕಿಕೊಂಡ ಕಾರ್ಯದರ್ಶಿ ಮೇಲೆ ಹೋಗುತ್ತಿದ್ದರು. ಯಾರ ಕೈಯಲ್ಲೂ ಫಾರಂ ಇರಲಿಲ್ಲ. ನಾವೂ ಹಿಂದೆ ಹೋದೆವು. ನಾಲ್ಕನೆಯ ಮಹಡಿಯ ಬಾಗಿಲು ತೆರೆಯಿತು.

"ಏನಾಯ್ತು? ಇವತ್ತು ನಿಜವಾಗ್ಲೂ ಬೀಳತ್ತಾ?" ಎಂದರು ಟೆಲಿಫೋನ್ ಅಮ್ಮ.

"ಏನೂ ಆಗಿಲ್ಲಮ್ಮ" ಎಂದ ಟೈಲರ್, ತಲೆ ಕೆರೆದುಕೊಳ್ಳುತ್ತಾ. "ಸುಮ್ನೆ ಬಂದ್ವಿ. ಇಳೀತೀರಾ?"

ಆಕೆ ಒಬ್ಬೊಬ್ಬರ ಮುಖವನ್ನೂ ನೋಡಿದರು. "ತಡೀರಿ, ಚಪ್ಪಲಿ ಎಲ್ಲಿಟ್ಟಿದೀನೋ" ಎಂದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಚಪ್ಪಲಿ ಸಿಗಲು ಹತ್ತು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.